ಲೆದರ್‌ಹೆಡ್‌ನಲ್ಲಿ ಏನಾಯಿತು?

ಬೇರೆ ಗ್ರಹದವರು ಬಂದು ಭೂಮಿಯ ಮೇಲೆ ದಾಳಿ ಮಾಡುವ ಕಥೆಗಳೆಂದರೆ ನಮ್ಮ ಹೆಂಗಸರಲ್ಲಿ ಬಹಳ ಜನ ಪುಟ ತಿರುವಿಬಿಡುತ್ತಾರೆ. ಅದು ಗಂಡುಹುಡುಗರ ಓದು, ಅದರಲ್ಲಿ ಯಂತ್ರಗಳು ಹೆಚ್ಚು, ಮನುಷ್ಯರು ಕಡಿಮೆ ಎಂಬ ತೀರ್ಮಾನ ಹೇಗೋ ಬೇರೂರಿಬಿಟ್ಟಿದೆ. ನಾನು ಮಾತ್ರ ಈ ಕಥೆಗಳನ್ನು ಬಹಳ ವರ್ಷಗಳಿಂದ ಓದುತ್ತ ಬಂದವಳು. ಯಂತ್ರಗಳ ಭಾಗವನ್ನು ಬೇಗ ಬೇಗ ದಾಟಿಬಿಡುತ್ತೇನೆ, ಮನುಷ್ಯರ ಭಾಗ ಬಂದಾಗ ನಿಧಾನ ಮಾಡುತ್ತೇನೆ. ಹೀಗೆ ಓದಿದರೆ ಒಂದು ಸಂಗತಿ ಕಾಣುತ್ತದೆ. ಮೇಲೆ ಯುದ್ಧ ಎಷ್ಟೇ ಘೋರವಾಗಿರಲಿ, ಒಳಗೆ ನಡೆಯುವುದೆಲ್ಲ ಮಾತಿನ ವ್ಯವಹಾರ. ಯಾರು ಯಾರಿಗೆ ಏನು ಹೇಳಿದರು, ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಎಂಬುದು. ಅದರಲ್ಲೂ ಒಬ್ಬ ಹೆಂಗಸಿನ ಮಾತು ನೂರಿಪ್ಪತ್ತು ವರ್ಷಕ್ಕೂ ಮೇಲಾಯಿತು, ಹೇಳದೆಯೇ ಉಳಿದುಹೋಗಿದೆ. ನನ್ನ ಬರಹ ಮುಖ್ಯವಾಗಿ ಅವಳ ವಿಚಾರಕ್ಕೆ.

ಎಚ್.ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿ 1897ರಲ್ಲಿ ಇಂಗ್ಲೆಂಡಿನ 'ಪಿಯರ್ಸನ್ಸ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾಯಿತು. ದಾಳಿಯ ಕಥೆಗಳಿಗೆಲ್ಲ ಇದೇ ತವರುಮನೆ. ಮಂಗಳಗ್ರಹದಿಂದ ಹಾರಿಬಂದ ದೊಡ್ಡ ಉರುಳೆಯೊಂದು ಲಂಡನ್ನಿಗೆ ಹತ್ತಿರದ ವೋಕಿಂಗ್ ಎಂಬ ಊರಿನ ಪಕ್ಕ ಹಾರ್ಸೆಲ್ ಬಯಲಿಗೆ ಬಂದು ಬೀಳುತ್ತದೆ. ಜನ ಜಾತ್ರೆಗೆ ಸೇರಿದ ಹಾಗೆ ಸೇರುತ್ತಾರೆ. ಶುಂಠಿ ಬಿಯರ್ ಮಾರುವವನೂ ಬರುತ್ತಾನೆ, ಅವನಿಲ್ಲದೆ ಜಾತ್ರೆ ಎಲ್ಲಿಯದು? ಉರುಳೆಯೊಳಗಿನ ಜೀವಿಗಳು ಹೊರಗೆ ಕಾಣಿಸಿಕೊಂಡ ಮೇಲೆ, ನಾವೂ ಬುದ್ಧಿಯುಳ್ಳವರು ಎಂದು ಸನ್ನೆಯಿಂದ ತಿಳಿಸೋಣ ಎಂದುಕೊಂಡು ಕೆಲವರು ಬಿಳಿ ಬಾವುಟ ಹಿಡಿದು ಮುಂದೆ ಹೋಗುತ್ತಾರೆ. ಖಗೋಳಶಾಸ್ತ್ರ ಬಲ್ಲ ಓಗಿಲ್ವಿ, ಪತ್ರಕರ್ತ ಹೆಂಡರ್ಸನ್ ಇಬ್ಬರೂ ಆ ಗುಂಪಿನಲ್ಲಿದ್ದಾರೆ. ಬಾವುಟವನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಆಡಿಸುತ್ತಾರೆ. ಆ ಕಡೆಯಿಂದ ಬಂದ ಉತ್ತರ ಒಂದು ಉರಿಕಿರಣ. ಬಾವುಟ ಹಿಡಿದವರೆಲ್ಲ ನಿಂತಲ್ಲೇ ಸುಟ್ಟುಹೋಗುತ್ತಾರೆ.

ಈ ಬಾವುಟದ ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ಅದಕ್ಕಿಂತ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ತಂತಿಯ ಪ್ರಸಂಗ. ಉರುಳೆಯ ಮುಚ್ಚಳ ನಿಧಾನವಾಗಿ ತಿರುಗುತ್ತಿದೆ ಎಂದು ಹೆಂಡರ್ಸನ್ ತಾನು ಸಾಯುವ ಮೊದಲೇ ಲಂಡನ್ನಿಗೆ ತಂತಿ ಕಳಿಸಿರುತ್ತಾನೆ. ಪತ್ರಿಕೆಯವರಿಗೆ ನಂಬಿಕೆಯಿಲ್ಲ. ನಿಜವೇ ಎಂದು ಖಾತ್ರಿಪಡಿಸಿಕೊಳ್ಳಲು ಅವನಿಗೇ ಮರುತಂತಿ ಕಳಿಸುತ್ತಾರೆ. ಉತ್ತರ ಬರುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಅವನು ಸತ್ತಿದ್ದಾನೆ. ಉತ್ತರ ಬರಲಿಲ್ಲವಾದ್ದರಿಂದ ವಿಶೇಷ ಸಂಚಿಕೆ ತರುವುದು ಬೇಡ ಎಂದು ತೀರ್ಮಾನವಾಗುತ್ತದೆ. ಸತ್ತವನು ತಾನು ಸತ್ತ ಸುದ್ದಿಗೆ ತಾನೇ ಸಾಕ್ಷಿ ಹೇಳಬೇಕು! ವೆಲ್ಸ್ ಇದನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆದರೆ ಠಾಣೆಯ ಮೆಟ್ಟಿಲು ಹತ್ತಿ ದೂರು ಕೊಟ್ಟು ಬಂದ ಹೆಣ್ಣುಮಕ್ಕಳ ಕಥೆಗಳನ್ನು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ ಇಂಥ ಖಾತ್ರಿಪಡಿಸಿಕೊಳ್ಳುವಿಕೆ ಹೊಸದೇನಲ್ಲ. ಅತ್ತ ವೋಕಿಂಗ್‌ನಲ್ಲಿಯೂ ಅಷ್ಟೆ. ಒಂದು ಮೈಲಿ ಆಚೆ ಜನ ಸುಟ್ಟು ಸತ್ತಿದ್ದರೂ ಈಚೆ ರೈಲುಗಳು ಓಡುತ್ತಿವೆ, ತೋಟಕ್ಕೆ ನೀರು ಬೀಳುತ್ತಿದೆ, ತಾಯಂದಿರು ಮಕ್ಕಳನ್ನು ಮಲಗಿಸುತ್ತಿದ್ದಾರೆ. ಕಣ್ಣಾರೆ ಕಂಡು ಓಡಿಬಂದ ಕಥಾನಾಯಕ ಹೇಳಿದರೆ ಗೇಟಿನ ಹತ್ತಿರ ನಿಂತವರು ನಗುತ್ತಾರೆ.

ಇನ್ನು ಮಂಗಳದವರ ಮಾತು. ಇಡೀ ಕಾದಂಬರಿಯಲ್ಲಿ ಅವರು ಮನುಷ್ಯರೊಂದಿಗೆ ಒಂದು ಮಾತೂ ಆಡುವುದಿಲ್ಲ. ಅವರಿಗೆ ಮಾತು ಬಾರದೆಂದಲ್ಲ. ತಮ್ಮತಮ್ಮಲ್ಲಿ ಅವರು ದನಿಯಿಲ್ಲದೆಯೇ ಮನಸ್ಸಿನಿಂದ ಮನಸ್ಸಿಗೆ ತಿಳಿಸಿಕೊಳ್ಳುತ್ತಾರೆ ಎಂದು ನಾಯಕ ಹತ್ತಿರದಿಂದ ನೋಡಿ ನಿರ್ಧರಿಸುತ್ತಾನೆ. ಅವರು ಊಳಿಡುವ ಒಂದು ಶಬ್ದವಿದೆ. ಅದು ಸಂಕೇತವಲ್ಲ, ಮನುಷ್ಯರ ರಕ್ತ ಹೀರುವ ಮೊದಲು ಒಳಗಿನ ಗಾಳಿಯನ್ನು ಹೊರಕ್ಕೆ ಬಿಡುವ ಸದ್ದು ಅಷ್ಟೆ. ಎಂದರೆ ಊಟಕ್ಕೆ ಕೂತವರು ತೇಗುವಂತೆ, ಇವರದು ಊಟಕ್ಕೆ ಮೊದಲಿನ ತೇಗು. ಈ ಜಾಗದಲ್ಲಿ ನನಗೆ ವೆಲ್ಸ್‌ನ ಮೇಲೆ ಗೌರವ ಹೆಚ್ಚುತ್ತದೆ. ಮಾತನಾಡಲು ಭಾಷೆಯೊಂದೇ ಸಾಲದು, ಎದುರಿನವರಿಂದ ಏನಾದರೂ ಬೇಕಾಗಿರಬೇಕು, ಕಡೆಯ ಪಕ್ಷ ಅವರ ಒಪ್ಪಿಗೆಯಾದರೂ ಬೇಕಾಗಿರಬೇಕು. ಮಂಗಳದವರಿಗೆ ನಮ್ಮಿಂದ ಬೇಕಾದ್ದು ರಕ್ತ, ಅದಕ್ಕೆ ಒಪ್ಪಿಗೆ ಕೇಳಬೇಕಾಗಿಲ್ಲ. ಈ ಕಥೆಯ ಎಳೆ ಹುಟ್ಟಿದ್ದೇ ವೆಲ್ಸ್‌ನ ಅಣ್ಣ ಫ್ರ್ಯಾಂಕ್ ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಆದ ಗತಿಯನ್ನು ಕುರಿತು ಆಡಿದ ಮಾತಿನಿಂದ. ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಆ ಜನರ ಪ್ರಸ್ತಾಪವಿದೆ. ಯುರೋಪಿನಿಂದ ಬಂದು ನೆಲೆಸಿದವರು ಐವತ್ತು ವರ್ಷಗಳಲ್ಲಿ ಅವರನ್ನು ಅಳಿಸಿಹಾಕಿದರು, ಹಾಗಿದ್ದ ಮೇಲೆ ಮಂಗಳದವರನ್ನು ದೂರುವ ಬಾಯಿ ನಮಗೆಲ್ಲಿದೆ ಎಂಬ ಧಾಟಿ. ಟಾಸ್ಮೇನಿಯಾದ ಆ ಜನರ ವಂಶದವರು ಇಂದಿಗೂ ಇದ್ದಾರೆ, ಪೂರ್ತಿ ಅಳಿದರೆಂಬುದು ಆ ಕಾಲದವರ ತಿಳಿವಳಿಕೆ. ಆದರೆ ಸಾಮ್ರಾಜ್ಯದ ನಡುಮನೆಯಲ್ಲಿ ಕೂತು 1898ರಲ್ಲಿ ಒಬ್ಬ ಆಂಗ್ಲ ಲೇಖಕ ಇಷ್ಟನ್ನು ಹೇಳಿದನಲ್ಲ, ಅದು ಸಣ್ಣ ಮಾತಲ್ಲ.

ಅನ್ಯರ ಜೊತೆ ಮಾತಿಲ್ಲ, ಸರಿ. ಒಂದೇ ಭಾಷೆಯ ಮನುಷ್ಯರ ಗತಿಯೇನು? ನಾಯಕನೂ ಒಬ್ಬ ಪಾದ್ರಿಯೂ ಶೀನ್ ಎಂಬಲ್ಲಿ ಕುಸಿದ ಮನೆಯೊಂದರ ಪಾತ್ರೆ ತೊಳೆಯುವ ಕೋಣೆಯಲ್ಲಿ ಸಿಕ್ಕಿಬೀಳುತ್ತಾರೆ. ಹೊರಗೆ ಕೈಗೆಟಕುವಷ್ಟು ಹತ್ತಿರದಲ್ಲಿ ಮಂಗಳದವರು. ಪಿಸುಮಾತಿನಲ್ಲೇ ಇಬ್ಬರೂ ಜಗಳವಾಡುತ್ತಾರೆ, ಉಳಿದ ಆಹಾರಕ್ಕಾಗಿ ಕಿತ್ತಾಡುತ್ತಾರೆ. ಕೊನೆಗೆ ಪಾದ್ರಿಗೆ ಬುದ್ಧಿ ಕದಡಿ, ಪಿಸುಮಾತು ಬಿಟ್ಟು ಗಟ್ಟಿಯಾಗಿ ಪಾಪ, ಶಿಕ್ಷೆ ಎಂದು ಬೋಧನೆ ಶುರುಮಾಡಿದಾಗ ನಾಯಕ ಗೋಡೆಗೆ ತೂಗುಹಾಕಿದ್ದ ಮಾಂಸದ ಕತ್ತಿ ತೆಗೆದು, ಅಲಗನ್ನು ಹಿಂದಕ್ಕೆ ತಿರುಗಿಸಿ, ಹಿಂಬದಿಯಿಂದ ಹೊಡೆದು ಕೆಡವುತ್ತಾನೆ. ಅಲಗು ತಿರುಗಿಸಿದ್ದಷ್ಟೇ ಅವನಲ್ಲಿ ಉಳಿದಿದ್ದ ಮನುಷ್ಯತ್ವ. ಮುಂದೆ ಸಿಗುವ ಸೈನಿಕನೊಬ್ಬ ಇನ್ನೊಂದು ತರಹ. ನೆಲದಡಿ ಹೊಸ ರಾಜ್ಯ ಕಟ್ಟುವ ಭಾರೀ ಯೋಜನೆ ಅವನದು. ಹೆಂಗಸರೂ ಬೇಕಂತೆ, ಆದರೆ ಗಟ್ಟಿಮುಟ್ಟಾದವರು, ಹೆರಲು ಮತ್ತು ಮಕ್ಕಳಿಗೆ ಕಲಿಸಲು. ಕಣ್ಣು ಹೊರಳಿಸುವ ವಯ್ಯಾರದವರು ಬೇಡವಂತೆ. ಇಷ್ಟೆಲ್ಲ ಹೇಳಿದವನು ಒಂದು ವಾರದಲ್ಲಿ ತೋಡಿದ ಸುರಂಗ ನಾಯಕನ ಲೆಕ್ಕದಲ್ಲಿ ಒಂದು ದಿನದ ಕೆಲಸ. ಸಂಜೆಯಾದರೆ ಸಿಗಾರು, ಷಾಂಪೇನು, ಇಸ್ಪೀಟು. ಇಂಥವರನ್ನು ನೋಡಲು ಮಂಗಳಗ್ರಹದವರೇ ಬರಬೇಕಾಗಿಲ್ಲ, ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದರೆ ಸಾಕು.

ಈಗ ನಾನು ಹೇಳಬೇಕೆಂದಿದ್ದ ಹೆಂಗಸು. ಅವಳು ನಾಯಕನ ಹೆಂಡತಿ. ಕಾದಂಬರಿಯಲ್ಲಿ ಅವಳಿಗೆ ಹೆಸರಿಲ್ಲ. ನಾಯಕನಿಗೂ ಹೆಸರಿಲ್ಲ ಎಂದು ನೀವು ಆಕ್ಷೇಪಿಸಬಹುದು, ಆದರೆ ಅವನ ಬಳಿ ಇಡೀ ಪುಸ್ತಕವಿದೆ. ಉರಿಕಿರಣದಿಂದ ಪಾರಾಗಿ ಮನೆಗೆ ಬಂದ ರಾತ್ರಿ ಇಬ್ಬರೂ ಊಟಕ್ಕೆ ಕೂತಿದ್ದಾರೆ. ಬಿಳಿ ಮೇಜುಬಟ್ಟೆ, ದೀಪದ ಬೆಳಕಿನಲ್ಲಿ ಅವಳ ಆತಂಕದ ಮುಖ. ಅವರು ಇಲ್ಲಿಗೂ ಬರಬಹುದು ಎಂಬ ಭಯ ಅವಳದು. ಇವನು ಸಮಾಧಾನ ಹೇಳುತ್ತಾನೆ. ಭೂಮಿಯ ಗುರುತ್ವ ಮಂಗಳದ್ದಕ್ಕಿಂತ ಹೆಚ್ಚು, ಆದ್ದರಿಂದ ಅವರು ತೆವಳಲೂ ಆರರು ಎಂದು ಶಾಸ್ತ್ರ ಹೇಳುತ್ತಾನೆ. ಆ ಹೊತ್ತಿನ ತನ್ನ ಧೈರ್ಯವನ್ನು ಅವನು ಆಮೇಲೆ ಮಾರಿಷಸ್‌ನ ಡೋಡೋ ಹಕ್ಕಿಗೆ ಹೋಲಿಸಿಕೊಳ್ಳುತ್ತಾನೆ. ದ್ವೀಪಕ್ಕೆ ಬಂದ ಹಡಗಿನವರನ್ನು ನಾಳೆ ಕುಕ್ಕಿ ಸಾಯಿಸೋಣ ಎಂದು ಹೆಂಡತಿಗೆ ಹೇಳುವ ಗಂಡು ಡೋಡೋ! ಬಹಳ ಒಳ್ಳೆಯ ವಿಡಂಬನೆ. ಹೆಣ್ಣು ಡೋಡೋ ಏನಂದಿತು ಎಂಬುದು ಅದರಲ್ಲಿಲ್ಲ.

ಮಾರನೆಯ ದಿನ ಊರಿಗೆ ಬೆಂಕಿ ಬಿದ್ದಾಗ ಅವನು ಹೋಟೆಲಿನವನಿಂದ ಗಾಡಿ ಬಾಡಿಗೆ ಹಿಡಿದು ಹೆಂಡತಿಯನ್ನು ಹನ್ನೆರಡು ಮೈಲಿ ಆಚೆ ಲೆದರ್‌ಹೆಡ್‌ನಲ್ಲಿರುವ ನೆಂಟರ ಮನೆಗೆ ಮುಟ್ಟಿಸುತ್ತಾನೆ. ದಾರಿಯುದ್ದಕ್ಕೂ ಅವಳು ಹೆಚ್ಚು ಮಾತನಾಡುವುದಿಲ್ಲ. ಅವಳ ಮೌನ ವಿಚಿತ್ರವಾಗಿತ್ತು ಎಂದು ಅವನೇ ಬರೆಯುತ್ತಾನೆ. ಗಾಡಿ ಮರಳಿಸುವ ಮಾತು ಕೊಟ್ಟಿಲ್ಲದಿದ್ದರೆ ಆ ರಾತ್ರಿ ಅಲ್ಲೇ ಉಳಿಯೆಂದು ಬಹುಶಃ ಒತ್ತಾಯಿಸುತ್ತಿದ್ದಳೇನೋ ಎಂದೂ ಬರೆಯುತ್ತಾನೆ. ಬೀಳ್ಕೊಡುವಾಗ ಅವಳ ಮುಖ ಬಿಳಿಚಿಕೊಂಡಿತ್ತಂತೆ. ಇಷ್ಟೆಲ್ಲ ನೋಡಿದವನು ಒಂದು ಮಾತು ಕೇಳುವುದಿಲ್ಲ. ಒಳಗೊಳಗೆ ಅವನಿಗೆ ಯುದ್ಧದ ಉತ್ಸಾಹ ಬೇರೆ, ಮಂಗಳದವರ ಕಡೆಯಾಟ ತಪ್ಪಿಹೋದೀತೆಂಬ ಚಿಂತೆ. ಮನಸ್ಸಿನಿಂದ ಮನಸ್ಸಿಗೆ ಮಾತು ಹೋಗುವ ಬಗೆಯನ್ನು ಬೇರೆ ಗ್ರಹದವರಲ್ಲಿ ಗೋಡೆಯ ಬಿರುಕಿನಿಂದ ದಿನಗಟ್ಟಲೆ ಅಭ್ಯಾಸ ಮಾಡಿದವನು, ಗಾಡಿಯಲ್ಲಿ ಪಕ್ಕದಲ್ಲೇ ಹನ್ನೆರಡು ಮೈಲಿ ಕೂತವಳ ಮೌನವನ್ನು ಒಂದು ವಾಕ್ಯದಲ್ಲಿ ಮುಗಿಸಿದ. ವೆಲ್ಸ್ ಇದನ್ನು ಬೇಕೆಂದೇ ಮಾಡಿದನೋ, ತಾನಾಗಿ ಆಯಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತಾನಾಗಿ ಆಯಿತೆಂದೇ ನನ್ನ ಅಭಿಪ್ರಾಯ. ಬೇಕೆಂದು ಮಾಡಿದ್ದರೆ ಮುಂದಿನದನ್ನು ಹಾಗೆ ಬಿಡುತ್ತಿರಲಿಲ್ಲ.

ಮುಂದಿನದು ಇದು. ಮಂಗಳದವರು ನಮ್ಮ ಭೂಮಿಯ ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಸತ್ತ ಮೇಲೆ ನಾಯಕನಿಗೆ ತಿಳಿದುಬರುತ್ತದೆ: ಅವನು ಶೀನ್‌ನಲ್ಲಿ ಸಿಕ್ಕಿಬಿದ್ದ ಎರಡು ದಿನಕ್ಕೆ ಲೆದರ್‌ಹೆಡ್ ನಾಶವಾಯಿತು, ಒಂದು ಪ್ರಾಣಿಯೂ ಉಳಿಯಲಿಲ್ಲ. ಅವನು ತನ್ನ ಹಾಳುಮನೆಗೆ ಮರಳಿ ಬಂದು ನಿಂತಿರುವಾಗ ಹೊರಗೆ ದನಿ ಕೇಳುತ್ತದೆ. ಹೆಂಡತಿ ಬಂದು ನಿಂತಿದ್ದಾಳೆ, ಜೊತೆಗೆ ಅದೇ ನೆಂಟ. ಬಂದೆ, ನನಗೆ ಗೊತ್ತಿತ್ತು ಎನ್ನುವಷ್ಟು ಅರ್ಥದ ಒಂದೆರಡು ತುಂಡು ಮಾತಾಡಿ ಅವಳು ತತ್ತರಿಸುತ್ತಾಳೆ, ಇವನು ಹಿಡಿದುಕೊಳ್ಳುತ್ತಾನೆ. ಅಧ್ಯಾಯ ಮುಗಿಯಿತು. ಒಂದು ಪ್ರಾಣಿಯೂ ಉಳಿಯದ ಊರಿನಿಂದ ಅವಳು ಹೇಗೆ ಪಾರಾದಳು? ಆ ಮೂರು ವಾರ ಎಲ್ಲಿದ್ದಳು? ಒಂದು ಅಕ್ಷರವಿಲ್ಲ. ಅದೇ ನಾಯಕನ ತಮ್ಮ, ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದವನು, ಊರು ಬಿಟ್ಟು ಕಡಲು ದಾಟಿದ ಕಥೆಗೆ ಮೂರು ಅಧ್ಯಾಯಗಳಿವೆ. ತಮ್ಮ ಬಂದು ಅಣ್ಣನಿಗೆ ವಿವರವಾಗಿ ಹೇಳಿರಬೇಕು, ಅಣ್ಣ ಕೇಳಿ ಬರೆದುಕೊಂಡಿರಬೇಕು. ಹೆಂಡತಿಯನ್ನು ಅವನು ಕೇಳಲಿಲ್ಲವೆ? ಅವಳು ಹೇಳಿದ್ದು ಬರೆಯುವಂಥದ್ದಲ್ಲ ಅನ್ನಿಸಿತೆ?

ವೆಲ್ಸ್‌ಗೆ ಹೆಂಗಸರನ್ನು ಚಿತ್ರಿಸಲು ಬರುವುದಿಲ್ಲವೆಂದು ಮಾತ್ರ ಹೇಳಬೇಡಿ. ಆ ತಮ್ಮನ ಅಧ್ಯಾಯಗಳಲ್ಲೇ ಇಬ್ಬರು ಹೆಂಗಸರು ಬರುತ್ತಾರೆ, ನಾದಿನಿ-ಅತ್ತಿಗೆಯರು. ಅವರ ಕುದುರೆಗಾಡಿಯನ್ನು ಕಳ್ಳರು ಅಡ್ಡಗಟ್ಟಿದಾಗ ನಾದಿನಿ ಮಿಸ್ ಎಲ್ಫಿನ್‌ಸ್ಟನ್ ಚಾವಟಿಯಿಂದ ಬಾರಿಸುತ್ತಾಳೆ, ಆಮೇಲೆ ಗಾಡಿಯಲ್ಲಿಟ್ಟಿದ್ದ ಪಿಸ್ತೂಲು ತೆಗೆದು ಗುಂಡು ಹಾರಿಸುತ್ತಾಳೆ. ಕಾಪಾಡಲು ಬಂದ ತಮ್ಮನನ್ನು ಅವಳೇ ಕಾಪಾಡಿದಂತಾಗುತ್ತದೆ. ಅತ್ತಿಗೆಯದು ಬೇರೆ ಸ್ವಭಾವ, ಗಂಡನ ಹೆಸರು ಹಿಡಿದು ಅಳುವವಳು. ಕಡಲ ದಡಕ್ಕೆ ಬಂದು ಹಡಗು ಹತ್ತುವ ಹೊತ್ತಿಗೆ ಅವಳಿಗೆ ದಿಗಿಲು. ಎಂದೂ ಇಂಗ್ಲೆಂಡು ಬಿಟ್ಟವಳಲ್ಲ, ಫ್ರೆಂಚರೂ ಮಂಗಳದವರೂ ಒಂದೇ ತರಹವೇನೋ ಎಂದು ಅವಳ ಭಾವನೆ ಎಂದು ವೆಲ್ಸ್ ನಗುತ್ತಾನೆ. ನಾನೂ ನಕ್ಕೆ. ಆಮೇಲೆ, ಹದಿನೇಳು ವರ್ಷಕ್ಕೆ ಘಟ್ಟ ಇಳಿದು ತುಳು ಮಾತನಾಡುವ ಕೇರಿಗೆ ಸಂಸಾರ ಮಾಡಲು ಹೋದ ನನ್ನ ಸೋದರತ್ತೆಯ ನೆನಪಾಯಿತು. ಮೊದಲ ಆರು ತಿಂಗಳು ಅವಳಿಗೆ ಅಕ್ಕಪಕ್ಕದವರೆಲ್ಲ ಮಂಗಳದವರೇ. ಅವಳು ಮಾತು ಕಲಿತದ್ದು ಮೀನು ಮಾರುವ ಹೆಂಗಸಿನಿಂದ, ಮೀನು ತಿನ್ನದ ಮನೆಯವಳಾಗಿ. ದಿನವೂ ಜಗಲಿಯಲ್ಲಿ ಬುಟ್ಟಿ ಇಳಿಸಿ ನೀರು ಕೇಳುತ್ತಿದ್ದವಳು ಅವಳೊಬ್ಬಳೇ.

ವೆಲ್ಸ್ ಈ ಕಾದಂಬರಿ ಬರೆದದ್ದು ವೋಕಿಂಗ್‌ನಲ್ಲೇ ಸಂಸಾರ ಹೂಡಿದ್ದಾಗ. ಸೈಕಲ್ಲಿನಲ್ಲಿ ಸುತ್ತಿ ಯಾವ ಬೀದಿ ಸುಡಬೇಕು, ಯಾವ ಮನೆ ಕೆಡವಬೇಕು ಎಂದು ಗುರುತು ಹಾಕಿಕೊಳ್ಳುತ್ತಿದ್ದನಂತೆ. ಮನೆಯಲ್ಲಿದ್ದವಳು 1895ರಲ್ಲಿ ಮದುವೆಯಾದ ಎರಡನೆಯ ಹೆಂಡತಿ ಏಮಿ ಕ್ಯಾಥರೀನ್ ರಾಬಿನ್ಸ್, ಅವನ ವಿದ್ಯಾರ್ಥಿನಿಯಾಗಿದ್ದವಳು. ಅವಳನ್ನು ಅವನು ಕರೆದದ್ದು ಏಮಿ ಎಂದಲ್ಲ, ಕ್ಯಾಥರೀನ್ ಎಂದೂ ಅಲ್ಲ, ಜೇನ್ ಎಂದು. ಆ ಹೆಸರು ಅವನೇ ಇಟ್ಟದ್ದು. ನಮ್ಮಲ್ಲಿ ಕೆಲವು ಮನೆತನಗಳಲ್ಲಿ ಮದುಮಗ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನಲ್ಲ, ಅಂಥದೇ ಶಾಸ್ತ್ರ ಅಲ್ಲಿಯೂ ನಡೆಯಿತೆನ್ನಬೇಕು. ಅವನ ಹಸ್ತಪ್ರತಿಗಳನ್ನು ಬೆರಳಚ್ಚು ಮಾಡಿ, ಮನೆ, ಮಕ್ಕಳು, ಲೆಕ್ಕಪತ್ರ, ಅತಿಥಿಗಳನ್ನೆಲ್ಲ ಸುಧಾರಿಸಿದ ಆ ಜೇನ್ 1927ರಲ್ಲಿ ತೀರಿಕೊಂಡಳು. ಮರುವರ್ಷ ವೆಲ್ಸ್ ಅವಳ ಕಥೆಗಳನ್ನು ಒಟ್ಟುಮಾಡಿ, ಮುನ್ನುಡಿ ಬರೆದು ಪ್ರಕಟಿಸಿದ. ಪುಸ್ತಕದ ಹೆಸರು 'ದಿ ಬುಕ್ ಆಫ್ ಕ್ಯಾಥರೀನ್ ವೆಲ್ಸ್'. ಬದುಕಿದ್ದಾಗ ಜೇನ್, ಬರಹಗಾರ್ತಿಯಾಗಿ ಕ್ಯಾಥರೀನ್. 'ದಿ ವಾರ್ ಆಫ್ ದಿ ವರ್ಲ್ಡ್ಸ್' ಅರ್ಪಣೆಯಾಗಿರುವುದು ಅಣ್ಣ ಫ್ರ್ಯಾಂಕ್‌ಗೆ.

ಈ ಕಥೆ ರೇಡಿಯೋ ನಾಟಕವಾಗಿ ಮಾಡಿದ ಗಲಾಟೆ ನಿಮಗೆ ಗೊತ್ತಿರಬಹುದು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ (ಇವನು ಬೇರೆ ವೆಲ್ಸ್, ಸಂಬಂಧವಿಲ್ಲ) ಅದನ್ನು ನ್ಯೂಜೆರ್ಸಿಗೆ ಒಗ್ಗಿಸಿ ಸುದ್ದಿ ಪ್ರಸಾರದ ಧಾಟಿಯಲ್ಲಿ ಆಡಿಸಿದ. ದೇಶಕ್ಕೆ ದೇಶವೇ ಹೆದರಿ ಬೀದಿಗೆ ಬಂತೆಂದು ಮರುದಿನ ಪತ್ರಿಕೆಗಳು ಬರೆದವು, ನಾವೂ ಹಾಗೇ ಕೇಳಿಕೊಂಡು ಬಂದಿದ್ದೇವೆ. ಹೆದರಿದವರು ಇದ್ದದ್ದು ನಿಜವಾದರೂ ಆ ವರ್ಣನೆ ಬಹಳ ಉಬ್ಬಿಸಿದ್ದೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ರೇಡಿಯೋ ತಮ್ಮ ಜಾಹೀರಾತು ಕಸಿಯುತ್ತಿದೆಯೆಂದು ಪತ್ರಿಕೆಗಳಿಗೆ ಹೊಟ್ಟೆಯುರಿಯಿತ್ತು. 1949ರಲ್ಲಿ ಎಕ್ವಡಾರ್‌ನ ಕೀಟೋ ನಗರದಲ್ಲಿ ಇದೇ ನಾಟಕ ಆಡಿದಾಗ ಮಾತ್ರ ನಿಜವಾದ ಅನಾಹುತವಾಯಿತು. ಎಲ್ಲ ಸುಳ್ಳೆಂದು ತಿಳಿದ ಮೇಲೆ ರೊಚ್ಚಿಗೆದ್ದ ಜನ ರೇಡಿಯೋ ಕೇಂದ್ರವಿದ್ದ ಪತ್ರಿಕಾ ಕಟ್ಟಡಕ್ಕೆ ಬೆಂಕಿಯಿಟ್ಟರು, ಕೆಲವರು ಸತ್ತರು. ದಾಳಿಗೆ ಹೆದರಿ ಓಡಿದವರು ಸುಳ್ಳಿಗೆ ಸಿಟ್ಟಾಗಿ ಕೊಂದರು.

ಸುಳ್ಳಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಚೀನಾದ ಲಿಯು ತ್ಸಿಶಿನ್ 2008ರಲ್ಲಿ ಬರೆದ 'ದಿ ಡಾರ್ಕ್ ಫಾರೆಸ್ಟ್' ಕಾದಂಬರಿಯಲ್ಲಿ ದಾಳಿಗೆ ಹೊರಟ ಅನ್ಯಲೋಕದವರಿಗೆ ಯೋಚಿಸುವುದೂ ಹೇಳುವುದೂ ಒಂದೇ. ಮನಸ್ಸಿನಲ್ಲಿದ್ದದ್ದು ಎದುರಿನವರಿಗೆ ಕಂಡೇ ಕಾಣುತ್ತದೆ. ಅವರಿಗೆ ಕೆಂಪು ಟೊಪ್ಪಿಗೆಯ ಹುಡುಗಿ ಮತ್ತು ತೋಳದ ಕಥೆ ಅರ್ಥವೇ ಆಗುವುದಿಲ್ಲ. ತೋಳದ ಮನಸ್ಸು ಹುಡುಗಿಗೆ ಕಾಣಲಿಲ್ಲವೇಕೆ? ಮನುಷ್ಯರು ಒಂದು ಯೋಚಿಸಿ ಇನ್ನೊಂದು ಹೇಳಬಲ್ಲರೆಂದು ತಿಳಿದಾಗ ಆ ಬಲಾಢ್ಯರು ಹೆದರುತ್ತಾರೆ. ನನಗೆ ಇದು ಬಹಳ ಹಿಡಿಸಿತು. 1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಗಳಲ್ಲಿ ಒಂದು ಚಿನ್ನದ ತಟ್ಟೆ ಇಟ್ಟು ಕಳಿಸಿದರಲ್ಲ, ಅದರಲ್ಲಿ 55 ಭಾಷೆಗಳ ಶುಭಾಶಯವಿದೆ. ಕನ್ನಡಿಗರ ಪರವಾಗಿ ಕನ್ನಡದ್ದೂ ಇದೆ, ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಯುದ್ಧ, ರೋಗ, ಬಡತನದ ಚಿತ್ರಗಳನ್ನು ಮಾತ್ರ ಬೇಕೆಂದೇ ಬಿಟ್ಟರು. ನಾವು ಅತ್ತೆಮನೆಯಿಂದ ತವರಿಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದುದೂ ಹೀಗೇ: ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಅಮ್ಮ ಮಾತ್ರ ಅಕ್ಷರ ಓರೆಯಾಗಿದ್ದರೆ ಗುರುತಿಸಿಬಿಡುತ್ತಿದ್ದಳು.

ಹೇಳದೆ ಉಳಿದ ಹೆಂಗಸರ ಮಾತನ್ನೇ ಕಥೆಯ ಬೆನ್ನೆಲುಬು ಮಾಡಿದವರು ಜೇಮ್ಸ್ ಟಿಪ್‌ಟ್ರೀ. 1973ರಲ್ಲಿ ಬಂದ 'ದಿ ವಿಮೆನ್ ಮೆನ್ ಡೋಂಟ್ ಸೀ' ಕಥೆಯನ್ನು ಹೇಳುವವನು ಫೆಂಟನ್ ಎಂಬ ಗಂಡಸು, ಮೀನು ಹಿಡಿಯಲು ಮೆಕ್ಸಿಕೋಗೆ ಬಂದವನು. ಚಿಕ್ಕ ವಿಮಾನ ಜೌಗಿನಲ್ಲಿ ಬೀಳುತ್ತದೆ. ಜೊತೆಯಲ್ಲಿ ರೂತ್ ಎಂಬ ನಡುವಯಸ್ಸಿನವಳು ಮತ್ತು ಅವಳ ಮಗಳು. ವಿಮಾನದಲ್ಲಿ ಕೂತಾಗ ಅವರ ಮುಖವನ್ನೂ ಅವನು ಸರಿಯಾಗಿ ನೋಡಿರುವುದಿಲ್ಲ. ಅವರು ಅಳುತ್ತಾರೆ ಎಂದುಕೊಳ್ಳುತ್ತಾನೆ, ಅಳುವುದಿಲ್ಲ. ತನ್ನಿಂದ ಭಯಪಡುತ್ತಾರೆ ಎಂದುಕೊಳ್ಳುತ್ತಾನೆ, ಅದೂ ಇಲ್ಲ. ರೂತ್ ತನ್ನ ಬದುಕಿನ ಬಗ್ಗೆ ಅವನಿಗೆ ನೇರವಾಗಿಯೇ ಹೇಳುತ್ತಾಳೆ. ಹೆಂಗಸರಿಗೆ ಸಿಕ್ಕ ಹಕ್ಕುಗಳು ಗಂಡಸರು ಕೊಟ್ಟಿರುವ ತನಕ ಮಾತ್ರ ಎಂಬುದು ಅವಳ ನಂಬಿಕೆ. ಅವನ ಕಿವಿಗೆ ಅದು ಬೀಳುತ್ತದೆ, ಒಳಗಿಳಿಯುವುದಿಲ್ಲ. ಕೊನೆಗೆ ಅನ್ಯಲೋಕದ ಕೆಲವರು ತಮ್ಮ ಕಳೆದುಹೋದ ಸಾಮಾನು ಹುಡುಕುತ್ತ ಬರುತ್ತಾರೆ. ರೂತ್‌ಳನ್ನು ರಕ್ಷಿಸಲು ಫೆಂಟನ್ ಗುಂಡು ಹಾರಿಸುತ್ತಾನೆ, ಅದು ರೂತ್‌ಳಿಗೇ ತಗಲುತ್ತದೆ. ಅವಳಾದರೋ ಆ ಸಾಮಾನನ್ನು ಕೈಯಲ್ಲಿ ಹಿಡಿದು ಚೌಕಾಶಿ ಮಾಡಿ, ಮಗಳೊಂದಿಗೆ ಅವರ ದೋಣಿ ಹತ್ತಿ ಹೊರಟೇಹೋಗುತ್ತಾಳೆ, ಈ ಭೂಮಿಯನ್ನೇ ಬಿಟ್ಟು. ಗೊತ್ತಿಲ್ಲದವರ ಜೊತೆ ಹೋಗುವುದು ಇಲ್ಲಿರುವುದಕ್ಕಿಂತ ಮೇಲೆಂದು ಒಬ್ಬಳಿಗೆ ಹೇಗೆ ಅನ್ನಿಸಿತು ಎಂದು ಫೆಂಟನ್‌ಗೆ ಕಡೆಯವರೆಗೂ ತಿಳಿಯುವುದಿಲ್ಲ. ಹೋದದ್ದು ಸರಿಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ದೋಣಿ ದೂರವಾಗುವ ಪುಟವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಟಿಪ್‌ಟ್ರೀ ಗಂಡಸೇ ಇರಬೇಕು, ಬರವಣಿಗೆಯಲ್ಲಿ ಅಂಥ ಗಂಡುತನವಿದೆ ಎಂದು ಪ್ರಸಿದ್ಧ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ 1975ರಲ್ಲಿ ಮುನ್ನುಡಿಯಲ್ಲೇ ಬರೆದರು. 1977ರಲ್ಲಿ ಗುಟ್ಟು ರಟ್ಟಾಯಿತು. ಟಿಪ್‌ಟ್ರೀ ಎಂದರೆ ಆಲಿಸ್ ಶೆಲ್ಡನ್ ಎಂಬ ಅರವತ್ತು ದಾಟಿದ ಹೆಂಗಸು. ಆ ಹೆಸರನ್ನು ಅವರು ಆರಿಸಿಕೊಂಡದ್ದು ಅಂಗಡಿಯ ಮಾರ್ಮಲೇಡ್ ಬಾಟಲಿಯ ಚೀಟಿಯಿಂದ. ಗಂಡಸರು ಕಾಣದ ಹೆಂಗಸರು ಎಂದು ಕಥೆ ಬರೆದವರನ್ನೇ ಗಂಡಸರು ಕಾಣಲಿಲ್ಲ.

ಇನ್ನು 2016ರ 'ಅರೈವಲ್' ಚಿತ್ರ. ಟೆಡ್ ಚಿಯಾಂಗ್ 1998ರಲ್ಲಿ ಬರೆದ ಕಥೆಯನ್ನು ಆಧರಿಸಿ ಡೆನಿ ವಿಲ್‌ನವ್ ನಿರ್ದೇಶಿಸಿದ್ದು. ಹನ್ನೆರಡು ನೌಕೆಗಳು ಭೂಮಿಯ ಹನ್ನೆರಡು ಕಡೆ ಬಂದು ನಿಲ್ಲುತ್ತವೆ. ಸೈನ್ಯದವರು ಭಾಷಾಶಾಸ್ತ್ರ ಕಲಿಸುವ ಲೂಯಿಸ್ ಎಂಬವಳನ್ನು ಕರೆತರುತ್ತಾರೆ. ನೀವು ಭೂಮಿಗೆ ಬಂದ ಉದ್ದೇಶವೇನು ಎಂದು ಕೇಳಿಬಿಡು ಎನ್ನುತ್ತಾನೆ ಕರ್ನಲ್, ವಾರದೊಳಗೆ ವರದಿ ಬೇಕೆನ್ನುವವನ ಧಾಟಿಯಲ್ಲಿ. ಆಗ ಅವಳು ಹಲಗೆಯ ಮೇಲೆ ಆ ವಾಕ್ಯ ಬರೆದು ಬಿಡಿಸಿ ತೋರಿಸುತ್ತಾಳೆ. ಮೊದಲು ಪ್ರಶ್ನೆ ಎಂದರೇನೆಂದು ಅವರಿಗೆ ತಿಳಿದಿರಬೇಕು. 'ನೀವು' ಎಂದರೆ ಎದುರಿಗಿರುವ ಒಬ್ಬರೇ, ಬಂದವರೆಲ್ಲರೂ ಎಂದೇ ಎಂಬುದು ಸ್ಪಷ್ಟವಾಗಬೇಕು. ಅದು ಇಂಗ್ಲಿಷಿನ ತೊಡಕು, ನಮ್ಮಲ್ಲಿ ನೀನು, ನೀವು ಬೇರೆ ಬೇರೆ ಇವೆ ಎಂದು ಬೀಗುವ ಹಾಗಿಲ್ಲ. ಒಬ್ಬರಿಗೇ ನೀವು ಎನ್ನುವ ಮರ್ಯಾದೆಯ ತೊಡಕು ನಮ್ಮದು. ಈ ದೃಶ್ಯ ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಮಗುವಿಗೆ ಮಾತು ಕಲಿಸಿದ ಯಾರಿಗಾದರೂ ಗೊತ್ತು, ಏನು ಎಂಬ ಪದ ಏಕೆ ಎಂಬುದಕ್ಕಿಂತ ಎಷ್ಟು ತಿಂಗಳು ಮೊದಲು ಬರುತ್ತದೆಂದು.

ಅವಳು ಬಿಳಿ ಬಾವುಟ ಆಡಿಸುವುದಿಲ್ಲ. ರಕ್ಷಣೆಯ ದಪ್ಪ ಅಂಗಿಯನ್ನು ಕಳಚಿ, ಅವರಿಗೆ ತನ್ನ ಮುಖ ಮೈ ಕಾಣುವಂತೆ ನಿಂತು, ತನ್ನನ್ನು ತೋರಿಸಿಕೊಂಡು 'ಮನುಷ್ಯ' ಎಂಬ ಪದದಿಂದ ಶುರುಮಾಡುತ್ತಾಳೆ. ಅತ್ತ ಚೀನಾದವರು ಮಾಜಾಂಗ್ ಆಟದ ಕಾಯಿಗಳ ಮೂಲಕ ಮಾತು ಕಲಿಸುತ್ತಿದ್ದಾರೆಂದು ತಿಳಿದಾಗ ಅವಳಿಗೆ ಗಾಬರಿ. ಆಟದ ಮೂಲಕ ಕಲಿತವರಿಗೆ ಎಲ್ಲ ಮಾತೂ ಗೆಲುವು-ಸೋಲೇ ಆಗುತ್ತದೆ. ಅನ್ಯರು ಕೊಡುತ್ತೇವೆಂದ ಒಂದು ವಸ್ತುವಿನ ಪದ ಆಯುಧವೆಂದೂ ಆಗಬಹುದು, ಸಲಕರಣೆಯೆಂದೂ ಆಗಬಹುದು. ಒಂದು ಪದದ ಮೇಲೆ ಜಗತ್ತು ಯುದ್ಧಕ್ಕೆ ನಿಲ್ಲುತ್ತದೆ. ಅಡಿಗೆಮನೆಯ ಈಳಿಗೆಮಣೆಯನ್ನು ಏನೆಂದು ಅನುವಾದಿಸುತ್ತಿದ್ದರೋ! ಲೂಯಿಸ್ ತಾಯಿಯಾದದ್ದರಿಂದಲೇ ಅವಳಿಗೆ ಇದೆಲ್ಲ ಒಲಿಯಿತು ಎಂದು ಕೆಲವರು ಮೆಚ್ಚಿ ಹೇಳುವುದನ್ನು ಕೇಳಿದ್ದೇನೆ. ಅದನ್ನು ನಾನು ಒಪ್ಪಲಾರೆ. ಚಿತ್ರದಲ್ಲಿ ಅವಳು ಹಗಲುರಾತ್ರಿ ಆ ವೃತ್ತಾಕಾರದ ಬರಹದ ಮುಂದೆ ಕೂತು ಒಂದೊಂದೇ ಪದ ಬಿಡಿಸುತ್ತಾಳೆ. ಅದು ಕಲಿತ ವಿದ್ಯೆ, ಪಟ್ಟ ಶ್ರಮ. ಹೆಂಗಸು ಮಾಡಿದ ಕೆಲಸವನ್ನೆಲ್ಲ ತಾಯ್ತನದ ಲೆಕ್ಕಕ್ಕೆ ಬರೆದುಬಿಟ್ಟರೆ ಸಂಬಳ ಕೊಡುವ ಪ್ರಮೇಯವೇ ಬರುವುದಿಲ್ಲ!

ಆದರೆ ಇಷ್ಟು ಒಳ್ಳೆಯ ಚಿತ್ರವೂ ಕೊನೆಯಲ್ಲಿ ನನ್ನನ್ನು ಲೆದರ್‌ಹೆಡ್‌ಗೆ ಕೊಂಡೊಯ್ದು ಬಿಟ್ಟಿತು. ಚೀನಾದ ಸೇನಾಪತಿ ಶಾಂಗ್ ಇನ್ನೇನು ದಾಳಿ ಮಾಡಬೇಕು. ಲೂಯಿಸ್ ಅವನಿಗೆ ಫೋನ್ ಮಾಡಿ, ಅವನ ಹೆಂಡತಿ ಸಾಯುವಾಗ ಆಡಿದ್ದ ಕೊನೆಯ ಮಾತನ್ನು ಅವನ ಭಾಷೆಯಲ್ಲೇ ಹೇಳುತ್ತಾಳೆ. ಸೇನಾಪತಿ ನಿಲ್ಲುತ್ತಾನೆ, ಯುದ್ಧ ನಿಲ್ಲುತ್ತದೆ. ಆ ಹೆಂಡತಿ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ, ಅವಳಿಗೆ ಹೆಸರಿಲ್ಲ. ಅವಳ ಮಾತಿಗೆ ಪರದೆಯ ಕೆಳಗೆ ಅನುವಾದವನ್ನೂ ಹಾಕಿಲ್ಲ, ನಿರ್ದೇಶಕರು ಬೇಕೆಂದೇ ಬಿಟ್ಟಿದ್ದಾರೆ. ಜಗತ್ತನ್ನು ಉಳಿಸಿದ ಮಾತು, ಚೀನೀ ಬಾರದ ನಮಗ್ಯಾರಿಗೂ ಕೇಳಿಸಿಯೂ ಕೇಳಿಸದ ಮಾತು. ಅದೊಂದು ಕಲೆಗಾರಿಕೆಯೆಂದು ಹೊಗಳಿದವರಿದ್ದಾರೆ. ಇರಬಹುದು. ನಾನು ಮಾತ್ರ ಆ ಜಾಗದಲ್ಲಿ ಎರಡು ಸಲ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಕೇಳಿದೆ.

2019ರಲ್ಲಿ ಬಿಬಿಸಿಯವರು ವೆಲ್ಸ್‌ನ ಕಾದಂಬರಿಯನ್ನು ಮೂರು ಕಂತುಗಳ ಧಾರಾವಾಹಿ ಮಾಡಿದಾಗ ಅವಳನ್ನು ನಡುವಿನ ಪಾತ್ರ ಮಾಡಿ ಒಂದು ಹೆಸರು ಕೊಟ್ಟರು, ಏಮಿ ಎಂದು. ಹೆಸರು ಕಂಡು ಸಂತೋಷವಾಯಿತು. ಆದರೆ ಕಥೆಯನ್ನೇ ಬೇರೆ ದಾರಿಗೆ ಹೊರಳಿಸಿಬಿಟ್ಟರು. ಆದ್ದರಿಂದ ಕಾದಂಬರಿಯ ಹೆಂಡತಿಯ ಲೆಕ್ಕ ಇನ್ನೂ ಬಾಕಿಯೇ ಇದೆ. ಲೆದರ್‌ಹೆಡ್ ಉರಿದ ದಿನ ಅವಳಿಗೆ ಮೊದಲೇ ಸುಳಿವು ಸಿಕ್ಕಿತ್ತೆ? ಹೊರಡೋಣವೆಂದು ಅವಳು ಹೇಳಿದಾಗ ಆ ನೆಂಟ ಒಮ್ಮೆಗೇ ನಂಬಿದನೆ, ಇಲ್ಲ ಅವನೂ ಗುರುತ್ವದ ಪಾಠ ಹೇಳಿದನೆ? ಮೂರು ವಾರ ಏನು ತಿಂದಳು? ರಾತ್ರಿ ಮಲಗಲು ಯಾರು ಬಾಗಿಲು ತೆರೆದರು? ಗಂಡ ಸತ್ತನೆಂದು ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ, ಸುಟ್ಟ ಊರಿನ ದಾರಿ ಹಿಡಿದು ಆ ಮನೆಗೆ ಬಂದು ನೋಡಬೇಕೆಂದು ಅವಳಿಗೇಕೆ ಅನ್ನಿಸಿತು, ಮತ್ತು ಬಂದದ್ದು ನಡೆದೋ, ಯಾರದಾದರೂ ಗಾಡಿಯಲ್ಲೋ?